ಗುಂಡ್ಯದ ಹೊಳೆಬದಿಯ ಊಟ: ಘಟ್ಟದ ಬುಡದ ಹೋಟೆಲುಗಳ ಕಥೆ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಬಯಲು ಮುಗಿಸಿ ಶಿರಾಡಿ ಘಾಟಿ ಏರಲು ಅಣಿಯಾಗುವ ಜಾಗ ಗುಂಡ್ಯ. ಕಡಬ ತಾಲೂಕಿನ ಶಿರಾಡಿ ಗ್ರಾಮಕ್ಕೆ ಸೇರಿದ ಈ ಪುಟ್ಟ ಪೇಟೆಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ರಸ್ತೆ ಹೆದ್ದಾರಿಯಿಂದ ಕವಲೊಡೆಯುತ್ತದೆ. ಪೇಟೆಯ ಪಕ್ಕದಲ್ಲೇ ಹೊಳೆ. ಸಕಲೇಶಪುರದ ಕಡೆಯ ಕಾಡು, ಕಾಫಿತೋಟಗಳಿಂದ ಇಳಿದುಬರುವ ಎತ್ತಿನಹೊಳೆ, ಕಾಡುಮನೆಹೊಳೆ, ಕೆಂಪುಹೊಳೆಗಳ ನೀರನ್ನೆಲ್ಲ ಕೂಡಿಸಿಕೊಂಡು ಇದು ಗುಂಡ್ಯ ಹೊಳೆಯೆನಿಸುತ್ತದೆ. ಮುಂದೆ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯ ಪಾಲಾಗುತ್ತದೆ. ಘಟ್ಟ ಹತ್ತುವವರೂ ಇಳಿಯುವವರೂ ಇಲ್ಲಿ ನಿಂತದ್ದು, ನಿಂತವರಿಗೆ ಊಟ ಸಿಕ್ಕಿದ್ದು ಈ ನೀರಿನ ಆಸರೆಯಿಂದಲೇ. ಆದರೆ ಹೊಳೆಯನ್ನು ನೋಡುತ್ತಾ ಉಣ್ಣುವುದಕ್ಕೆಂದೇ ಜನ ಬರತೊಡಗಿದ್ದು ತೀರಾ ಇತ್ತೀಚೆಗೆ. ಅದಕ್ಕೂ ಹಿಂದಿನ ನೂರೈವತ್ತು ವರ್ಷಕ್ಕೂ ಮಿಕ್ಕಿದ ಕಾಲದಲ್ಲಿ ಹೊಳೆ ಇದ್ದದ್ದು ಎತ್ತುಗಳ ಬಾಯಾರಿಕೆಗೆ, ಬಸ್ಸಿನ ರೇಡಿಯೇಟರಿಗೆ, ಹೋಟೆಲಿನ ಹಂಡೆಗೆ.

ಹೋಟೆಲುಗಳು ಬರುವ ಮೊದಲು ದಾರಿಹೋಕರ ಊಟ ಎರಡು ಬಗೆಯದಾಗಿತ್ತು: ತಾನೇ ಬೇಯಿಸಿಕೊಂಡದ್ದು, ಇಲ್ಲವೇ ದೇವರ ಹೆಸರಿನಲ್ಲಿ ಸಿಕ್ಕಿದ್ದು. ಬಂಟ್ವಾಳ ಆಗ ಘಟ್ಟದ ಮೇಲಿನ ಸರಕು ಬಂದಿಳಿಯುವ ದೊಡ್ಡ ಪೇಟೆ. ಕರಾವಳಿಯ ಉಪ್ಪು, ಒಣಮೀನು, ತೆಂಗಿನಕಾಯಿ ಮೇಲಕ್ಕೆ ಹೋದರೆ ಅಕ್ಕಿ, ಏಲಕ್ಕಿ, ಆಮೇಲಾಮೇಲೆ ಕಾಫಿ ಕೆಳಕ್ಕೆ ಬರುತ್ತಿತ್ತು. ಹೇರೆತ್ತುಗಳ ಸಾಲು ಘಟ್ಟ ಹತ್ತುವ ಮುನ್ನ ಹೊಳೆಬದಿಯಲ್ಲಿ ಬೀಡುಬಿಡುವುದು ವಾಡಿಕೆ. ಮೂರು ಕಲ್ಲು ಹೂಡಿ, ಕುಚ್ಚಲಕ್ಕಿ ಗಂಜಿ ಬೇಯಿಸಿ, ಉಪ್ಪಿನಕಾಯಿ ಅಥವಾ ಸುಟ್ಟ ಒಣಮೀನು ನಂಚಿಕೊಂಡರೆ ಊಟ ಮುಗಿಯಿತು. ಅಡುಗೆಯ ಸೋಮಾರಿತನಕ್ಕಿಂತ ಜಾತಿಯ ಕಟ್ಟು ದೊಡ್ಡದಾಗಿದ್ದ ಕಾಲ ಅದು. ಇನ್ನೊಬ್ಬರು ಬೇಯಿಸಿದ್ದನ್ನು ಉಣ್ಣುವುದು ಹಲವರಿಗೆ ಸಲ್ಲದ ಕೆಲಸ. ಬೇಸಿಗೆಯಲ್ಲಿ ಊರ ಉಳ್ಳವರು ಪುಣ್ಯಕ್ಕೆಂದು ಇಡಿಸುತ್ತಿದ್ದ ಅರವಟ್ಟಿಗೆಗಳಲ್ಲಿ ಬೆಲ್ಲದ ತುಂಡು, ಮಜ್ಜಿಗೆ ನೀರು ಸಿಗುತ್ತಿತ್ತು. ಅಲ್ಲಿಯೂ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ನೀರು ಕೊಡುತ್ತಿರಲಿಲ್ಲ.

ದೇವರ ಹೆಸರಿನ ಊಟಕ್ಕೆ ಕುಕ್ಕೆ ಸುಬ್ರಹ್ಮಣ್ಯವೇ ಈ ಸೀಮೆಯ ಕೇಂದ್ರ. ಮಾರ್ಗಶಿರದ ಚಂಪಾಷಷ್ಠಿಗೆ ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಜನ ಸೇರುತ್ತಿದ್ದರು. ಕುಮಾರಧಾರೆಯಲ್ಲಿ ಮಿಂದು, ದೇವರ ದರ್ಶನವಾದ ಮೇಲೆ ಎಲೆಹಾಕಿ ಕೂರುವುದು ಯಾತ್ರೆಯ ಕ್ರಮ. ನೀರಿನ ಬದಿಯಲ್ಲಿ ಅಪರಿಚಿತರು ಪಂಕ್ತಿಯಲ್ಲಿ ಕೂತು ಉಣ್ಣುವ ಅಭ್ಯಾಸ ಈ ಭಾಗದಲ್ಲಿ ಬೆಳೆದದ್ದು ಅಲ್ಲಿಯೇ ಎನ್ನಬಹುದು. ಪಂಕ್ತಿಗಳು ಬೇರೆ ಬೇರೆಯಾಗಿದ್ದವು ಎಂಬುದನ್ನೂ ಜೊತೆಗೇ ಹೇಳಬೇಕು. ಆ ಅನ್ನದಾನ ಇಂದಿಗೂ ನಿಂತಿಲ್ಲ. ಗುಂಡ್ಯದ ಹೋಟೆಲಿಗೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ದೇವಸ್ಥಾನದ ಈ ಭೋಜನಶಾಲೆಯೇ ಎಲ್ಲಕ್ಕಿಂತ ದೊಡ್ಡ ಪೈಪೋಟಿ.

ಗಾಡಿ ಓಡುವಂಥ ರಸ್ತೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೂ ಮೊದಲೇ, 1792ರಲ್ಲಿ ಟಿಪ್ಪು ಸುಲ್ತಾನ ಸಕಲೇಶಪುರದ ಬಳಿ ಮಂಜರಾಬಾದ್ ಕೋಟೆ ಕಟ್ಟಿಸಿದ್ದೇ ಕರಾವಳಿಯಿಂದ ಮೇಲೆ ಬರುವ ದಾರಿಗಳ ಮೇಲೆ ಕಣ್ಣಿಡಲು. 1799ರ ಬಳಿಕ ಕೆಳಗಿನ ಕೆನರಾ ಬ್ರಿಟಿಷರ ಕೈಗೆ, ಮೇಲಿನ ಸೀಮೆ ಮೈಸೂರು ಒಡೆಯರ ಕೈಗೆ ಹೋಯಿತು. ಘಟ್ಟ ಎರಡು ಆಡಳಿತಗಳ ನಡುವಿನ ಗಡಿಯಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಘಟ್ಟದ ರಸ್ತೆಗಳಿಗೆ ಒತ್ತು ಸಿಕ್ಕಿತು. ಮಂಜರಾಬಾದ್ ಘಾಟಿ ಎಂದು ಕರೆಸಿಕೊಳ್ಳುತ್ತಿದ್ದ ಈ ದಾರಿಗೆ ಅರ್ಥ ಬಂದದ್ದು ಕಾಫಿಯಿಂದ. 1840ರ ದಶಕದಿಂದ ಮಂಜರಾಬಾದ್ ಸೀಮೆಯಲ್ಲಿ ಯುರೋಪಿಯನ್ ತೋಟಗಾರರು ಬೇರೂರಿದರು. ಅವರಲ್ಲಿ ಒಬ್ಬನಾದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು ಪುಸ್ತಕಗಳಾಗಿ ಬರೆದಿಟ್ಟಿದ್ದಾನೆ. ಅವರ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಮಂಗಳೂರಿನ ಸಂಸ್ಕರಣಾ ಕಾರ್ಖಾನೆಗಳಿಗೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ಸಾಹೇಬರಿಗೆ ಉಳಿಯಲು ಸರ್ಕಾರ ಘಟ್ಟದ ದಾರಿಗಳಲ್ಲಿ ಮುಸಾಫರಿ ಬಂಗಲೆಗಳನ್ನು ಕಟ್ಟಿಸಿತು. ಹಣ ಕೊಟ್ಟರೆ ಅಡುಗೆಯವನೊಬ್ಬ ಕೋಳಿ ಕೊಯ್ದು ಸಾರು ಮಾಡಿ, ಮೇಜಿನ ಮೇಲೆ ಬಡಿಸುವ ವ್ಯವಸ್ಥೆ ಈ ದಾರಿಗಳಲ್ಲಿ ಮೊದಲು ಬಂದದ್ದು ಆ ಬಂಗಲೆಗಳ ಮೂಲಕ. ಗಾಡಿಯವನಿಗೆ ಅದರ ಮೆಟ್ಟಿಲೂ ದೂರ.

ಇಷ್ಟಿದ್ದೂ ಗುಂಡ್ಯದಲ್ಲಿ ಕಾಯಂ ಪೇಟೆ ಬೇಗ ಬೆಳೆಯಲಿಲ್ಲ. ಕಾರಣ ಚಳಿಜ್ವರ. ಘಟ್ಟದ ಬುಡದ ಕಾಡು ಮಲೇರಿಯಾಕ್ಕೆ ಹೆಸರುವಾಸಿ. ಮಳೆಗಾಲದಲ್ಲಿ 4,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ಆನೆಯ ಕಾಟ, ಜಿಗಣೆ ಬೇರೆ. ಹಗಲು ದಾಟಿಹೋಗುವ ಜಾಗವೆಂಬ ಹೆಸರಿದ್ದ ಕಡೆ ಒಲೆ ಹೂಡಿ ಅಂಗಡಿ ಇಡುವ ಧೈರ್ಯ ಯಾರಿಗೂ ಸುಲಭದಲ್ಲಿ ಬರುವಂಥದ್ದಲ್ಲ.

ದುಡ್ಡು ಕೊಟ್ಟು ಹೊರಗೆ ತಿನ್ನುವ ಅಭ್ಯಾಸ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹರಡಿದ್ದು ಬಸ್ಸಿನ ಜೊತೆಗೆ. ಮಂಗಳೂರಿನಲ್ಲಿ 1914ರ ಹೊತ್ತಿಗೆ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಜನರ ಬಾಯಲ್ಲಿ ಸಿ.ಪಿ.ಸಿ., ಬಸ್ಸು ಓಡಿಸತೊಡಗಿತು. ಅದೇ ಕಾಲದಲ್ಲಿ ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಉಕ್ಕಿನ ಸೇತುವೆ ಬಂತು. ಹಿಂದೆ ಅಲ್ಲಿ ದೋಣಿಗೆ ಕಾಯಬೇಕಿತ್ತು. ಅಂದಿನ ಬಸ್ಸುಗಳು ದಾರಿಯುದ್ದಕ್ಕೂ ನೀರು ಬೇಡುವಂಥವು. ಏರಿಗೆ ಮೊದಲು ರೇಡಿಯೇಟರಿಗೆ ನೀರು ತುಂಬಿಸಬೇಕು, ಇಳಿದು ಬಂದ ಮೇಲೆ ಕಾದ ಬ್ರೇಕು ತಣಿಯಬೇಕು. ಆ ಕಾಲು ಗಂಟೆ, ಅರ್ಧ ಗಂಟೆಯ ಬಿಡುವೇ ಚಾದ ಅಂಗಡಿಯ ಬಂಡವಾಳ. ಈ ದಾರಿಯ ಹೋಟೆಲುಗಳು ಸೇತುವೆ, ತಿರುವು, ಏರಿನ ಬುಡ, ಕವಲುದಾರಿ ಇವುಗಳನ್ನೇ ಹುಡುಕಿ ಹುಟ್ಟಿಕೊಂಡಿವೆ. ಕಲ್ಲಡ್ಕ, ಮಾಣಿ, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ಎಲ್ಲವೂ ಅಂಥ ನಿಲುಗಡೆಗಳೇ. ಕಲ್ಲಡ್ಕದ ಲಕ್ಷ್ಮೀ ನಿವಾಸದ ಚಾ ಇವುಗಳಲ್ಲೆಲ್ಲ ಹೆಚ್ಚು ಹೆಸರು ಗಳಿಸಿತು. ಗಾಜಿನ ಲೋಟದಲ್ಲಿ ಕೆಳಗೆ ಸಕ್ಕರೆ ಬೆರೆತ ಬಿಳಿ ಹಾಲು, ಮೇಲೆ ಕಂದು ಡಿಕಾಕ್ಷನ್, ಎರಡೂ ಬೆರೆಯದೆ ನಿಲ್ಲುವ ಆ ಕಲ್ಲಡ್ಕ ಟೀ (ಕೆ.ಟಿ.) ಈಗ ಬೆಂಗಳೂರಿನ ಬೀದಿಗಳಲ್ಲೂ ಸಿಗುತ್ತದೆ.

ಅಂದಿನ ಅವಿಭಜಿತ ಜಿಲ್ಲೆಯ ಹೋಟೆಲು ಉದ್ಯಮದ ದೊಡ್ಡ ಹೆಸರುಗಳೆಲ್ಲ ಊರು ಬಿಟ್ಟು ಹೋದವರವು. ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಬೆಂಗಳೂರಿಗೆ ಹೋಗಿ 1924ರಲ್ಲಿ, ಮುಂದೆ ಎಂ.ಟಿ.ಆರ್. ಎನಿಸಿದ ಹೋಟೆಲಿಗೆ ಅಡಿಪಾಯ ಹಾಕಿದರು. ಕಡಂದಲೆಯ ಕೃಷ್ಣರಾಯರು ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಅಕ್ಕಾರು ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುಮಾಡಿದರು. ಊರಿನಲ್ಲೇ ಉಳಿದ ಸಣ್ಣ ಹೋಟೆಲಿನವರ ಹೆಸರು ಯಾವ ಇತಿಹಾಸದಲ್ಲೂ ದಾಖಲಾಗಿಲ್ಲ. ಮುಳಿಹುಲ್ಲಿನ ಮಾಡು, ಸೆಗಣಿ ಸಾರಿಸಿದ ನೆಲ, ಎರಡು ಬೆಂಚು, ಒಂದು ಗಾಜಿನ ಕಪಾಟು; ಅದರೊಳಗೆ ಗೋಳಿಬಜೆ, ಬನ್ಸು, ಅಂಬಡೆ, ಸುಕ್ರುಂಡೆ. ಬೆಳಗ್ಗೆ ಸಜ್ಜಿಗೆ ಬಜಿಲು, ಮಧ್ಯಾಹ್ನ ಕುಚ್ಚಲಕ್ಕಿಯ ಅನ್ನ. ಹೋಟೆಲಿನ ನೀರು ಹೊಳೆಯಿಂದ ಕೊಡಪಾನದಲ್ಲಿ ಬರುತ್ತಿತ್ತು, ಇಲ್ಲವೇ ಗುಡ್ಡದ ಒರತೆಗೆ ಅಡಿಕೆ ಮರದ ದಂಬೆ ಹಚ್ಚಿ ತಂದದ್ದಾಗಿತ್ತು. ಉಂಡ ಎಲೆ ಹಿಂಬದಿಗೆ, ಮುಸುರೆ ನೀರು ಹೊಳೆಗೆ. ಕಟ್ಟಡದ ಮುಖ ರಸ್ತೆಗೆ, ಬೆನ್ನು ಹೊಳೆಗೆ ಇರುವುದು ಈ ದಾರಿಯ ಹಳೆಯ ಹೋಟೆಲುಗಳ ಸಹಜ ವಿನ್ಯಾಸ. ಬಚ್ಚಲು, ಪಾತ್ರೆ ತೊಳೆಯುವ ಕಲ್ಲು, ಸೌದೆಯ ರಾಶಿ ಇವೆಲ್ಲ ಚಂದದ ನೋಟ ಇರುವ ಕಡೆಗೇ ಸೇರಿಕೊಂಡವು. ಇಂದಿನವರಿಗೆ ಇದು ವಿಚಿತ್ರವಾಗಿ ಕಂಡೀತು. ದಿನವಿಡೀ ಹೊಳೆಯ ಜೊತೆಗೇ ಬದುಕುವವರಿಗೆ ಅದನ್ನು ಕೂತು ನೋಡಬೇಕೆನ್ನಿಸದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಯಾರು ಎಲ್ಲಿ ಕೂರಬೇಕೆಂಬ ಪ್ರಶ್ನೆ ಹೋಟೆಲಿನೊಳಗೂ ಬಂತು. ಬ್ರಾಹ್ಮಣರಿಗೆ ಒಳಕೋಣೆ, ಉಳಿದವರಿಗೆ ಹೊರಜಗಲಿ, ದಲಿತರಿಗೆ ಅಂಗಳದಾಚೆ ಗೆರಟೆಯಲ್ಲಿ ಚಾ ಎಂಬ ಕ್ರಮ ಜಿಲ್ಲೆಯ ಹಲವೆಡೆ ನಡೆಯಿತು. ಮಹಾತ್ಮ ಗಾಂಧಿ 1934ರಲ್ಲಿ ಅಸ್ಪೃಶ್ಯತೆಯ ವಿರುದ್ಧದ ಹರಿಜನ ಪ್ರವಾಸದ ಭಾಗವಾಗಿ ಕೊಡಗಿನಿಂದ ಇಳಿದು ಸುಳ್ಯ, ಪುತ್ತೂರುಗಳ ಮೂಲಕ ಹಾದುಹೋದರು. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳಿಗೆ ಪ್ರವೇಶವನ್ನು ಹೆಸರಿಟ್ಟೇ ಹೇಳಿ ತಾರತಮ್ಯವನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ಶಿಕ್ಷಾರ್ಹವಾಗಿಸಿತು. ಗೆರಟೆ ಮಾಯವಾಗಲು ಕಾಯಿದೆಯಷ್ಟೇ ಸಾಲಲಿಲ್ಲ. ಕಿಕ್ಕಿರಿದ ಬಸ್ಸಿನಿಂದ ಹತ್ತು ನಿಮಿಷಕ್ಕೆಂದು ಇಳಿದುಬಂದ ನಲವತ್ತು ಮಂದಿಯ ಜಾತಿ ಕೇಳಿ ಲೋಟ ಕೊಡಲು ಯಾವ ಹೋಟೆಲಿನವನಿಗೂ ಪುರುಸೊತ್ತಿರಲಿಲ್ಲ. ಹೆದ್ದಾರಿಯ ಹೋಟೆಲು ಒಳನಾಡಿನ ಹೋಟೆಲಿಗಿಂತ ಬೇಗ ಬದಲಾದುದಕ್ಕೆ ಈ ಅವಸರದ ಪಾಲೂ ಇದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾಗಿ ದಕ್ಷಿಣ ಕನ್ನಡ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಘಟ್ಟದ ಎರಡೂ ಬದಿಗೆ ಈಗ ಒಂದೇ ರಾಜಧಾನಿ. ಕಚೇರಿ, ಕೋರ್ಟು, ಕಾಲೇಜು, ವರ್ಗಾವಣೆ ಎಲ್ಲಕ್ಕೂ ಮದರಾಸಿನ ಬದಲು ಬೆಂಗಳೂರಿನ ದಾರಿ ಹಿಡಿಯಬೇಕಾಯಿತು. ಶಿರಾಡಿ ಘಾಟಿಗೆ ಹಿಂದೆಂದೂ ಇಲ್ಲದ ಮಹತ್ವ ಬಂದದ್ದು ಆಗಲೇ. 1961ರಲ್ಲಿ ನಿಗಮವಾಗಿ, 1973ರಲ್ಲಿ ಕೆ.ಎಸ್.ಆರ್.ಟಿ.ಸಿ. ಎಂದು ಹೆಸರು ಬದಲಿಸಿಕೊಂಡ ಸರ್ಕಾರಿ ಸಾರಿಗೆಯ ಬಸ್ಸುಗಳು ಹಗಲೂ ರಾತ್ರಿ ಓಡತೊಡಗಿದವು. ಸುಬ್ರಹ್ಮಣ್ಯಕ್ಕೆ ಹೋಗುವವರು ಗುಂಡ್ಯದಲ್ಲಿಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಕಾಯುವವರಿಗೆ ಚಾ ಬೇಕು.

ಅದೇ ಹೊತ್ತಿಗೆ ಜನವಸತಿಯೂ ಬದಲಾಯಿತು. 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, ಡಿ.ಡಿ.ಟಿ. ಸಿಂಪಡಣೆಗಳಿಂದ ಜ್ವರದ ಭಯ ಇಳಿಯಿತು. ತಿರುವಾಂಕೂರು ಕಡೆಯ ಮಲಯಾಳಿ ಕ್ರೈಸ್ತ ಕೃಷಿಕರು ಭೂಮಿ ಹುಡುಕುತ್ತಾ ಬಂದು ನೆಲ್ಯಾಡಿ, ಶಿರಾಡಿ, ಕಡಬ ಸುತ್ತಿನ ಗುಡ್ಡಗಳಲ್ಲಿ ರಬ್ಬರು, ಮರಗೆಣಸು ನೆಟ್ಟರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಪುತ್ತೂರು, ಸುಳ್ಯ ಭಾಗದ ಸರ್ಕಾರಿ ರಬ್ಬರು ತೋಟಗಳಲ್ಲಿ ಕೆಲಸ ಸಿಕ್ಕಿತು. ತುಳು, ಕನ್ನಡ, ಅರೆಭಾಷೆ, ಬ್ಯಾರಿ ಮಾತುಗಳ ನಡುವೆ ಮಲಯಾಳ, ತಮಿಳುಗಳೂ ಸೇರಿಕೊಂಡವು. ತಿಂಡಿಯ ಪಟ್ಟಿಗೆ ಇದರ ರುಚಿ ತಾಗದಿರಲಿಲ್ಲ. ನೀರ್‌ದೋಸೆ, ಸೇಮಿಗೆಯ ಪಕ್ಕದಲ್ಲಿ ಪುಟ್ಟು-ಕಡಲೆ ಬಂತು, ಬೇಯಿಸಿದ ಮರಗೆಣಸು ಮೀನುಸಾರಿನ ಜೊತೆ ಬಂತು, ಎಲ್ಲಕ್ಕಿಂತ ಗಟ್ಟಿಯಾಗಿ ಪರೋಟ ಬಂತು.

ಪರೋಟ ಗೆದ್ದದ್ದು ಲಾರಿಗಳಿಂದ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು; ಎರಡು ವರ್ಷದಲ್ಲಿ ಮಂಗಳೂರು ರಸಗೊಬ್ಬರ ಕಾರ್ಖಾನೆಯೂ, 1996ರಲ್ಲಿ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣಾಗಾರವೂ ಉತ್ಪಾದನೆ ಆರಂಭಿಸಿದವು. ಗೊಬ್ಬರ, ಮರದ ದಿಮ್ಮಿ, ಖಾದ್ಯತೈಲ, ಪೆಟ್ರೋಲು, ಅಡುಗೆ ಅನಿಲ ಎಲ್ಲವೂ ಶಿರಾಡಿ ಹತ್ತಬೇಕು. 2003ರಲ್ಲಿ ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನು ಬಂದಾಗ ಪೆಟ್ರೋಲ್ ಟ್ಯಾಂಕರುಗಳ ಹೊರೆ ತಗ್ಗಿತಾದರೂ, ಆ ಜಾಗವನ್ನು ಬಳ್ಳಾರಿ ಕಡೆಯ ಅದಿರು ಲಾರಿಗಳು ಆಕ್ರಮಿಸಿದವು. ಅವುಗಳ ಭಾರಕ್ಕೆ ರಸ್ತೆ ಎದ್ದುಹೋಗಿ, ಕೆಟ್ಟು ನಿಂತ ಲಾರಿಗಳಿಂದ ಘಾಟಿ ಗಂಟೆಗಟ್ಟಲೆ ಕಟ್ಟಿಕೊಳ್ಳುವುದು ದಿನನಿತ್ಯದ ಮಾತಾಯಿತು. ಪ್ರಯಾಣಿಕರಿಗೆ ನರಕ, ಹೋಟೆಲಿಗೆ ವ್ಯಾಪಾರ.

ಲಾರಿ ಚಾಲಕನಿಗೆ ಬೇಕಾದದ್ದು ಹೊತ್ತಲ್ಲದ ಹೊತ್ತಿನಲ್ಲಿ ಬಿಸಿ ಊಟ, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವ ತಿಂಡಿ. ಪರೋಟಕ್ಕೆ ಮೈದಾ ಹಿಟ್ಟನ್ನು ಎಣ್ಣೆ ಬೆರೆಸಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಗಂಟೆಗಳ ಕಾಲ ಬಿಡುತ್ತಾರೆ. ಉಂಡೆ ಕಟ್ಟಿ, ಎಣ್ಣೆ ಸವರಿದ ಕಲ್ಲಿನ ಮೇಲೆ ತಟ್ಟಿ, ಎತ್ತಿ ಬೀಸಿ ಎಳೆದು, ಎದುರಿನ ಬರಹ ಕಾಣುವಷ್ಟು ತೆಳ್ಳಗಾದ ಮೇಲೆ ಮಡಿಸಿ ಸುರುಳಿ ಸುತ್ತಬೇಕು. ಕಾವಲಿಯಿಂದ ಇಳಿದ ನಾಲ್ಕೈದನ್ನು ಒಟ್ಟಿಗೆ ಪೇರಿಸಿ ಎರಡೂ ಅಂಗೈಗಳಿಂದ ಬದಿಗೆ ಹೊಡೆದರೆ ಪದರಗಳು ಬಿಡಿಸಿಕೊಳ್ಳುತ್ತವೆ. ಜೊತೆಗೆ ಕೋಳಿ ಸುಕ್ಕ, ಮೊಟ್ಟೆಗಸಿ ಅಥವಾ ಬರಿಯ ಸಾಲ್ನ. ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸುವ ಇದರ ಮುಂದೆ ಗೋಳಿಬಜೆ ಹಿಂದೆ ಸರಿಯಿತು.

ಮೀನಿನ ವಿಷಯ ಇನ್ನೂ ಕುತೂಹಲದ್ದು. ಹೊಳೆಬದಿಯ ಹೋಟೆಲಿನಲ್ಲಿ ಬಡಿಸುವ ಮೀನು ಹೊಳೆಯದಲ್ಲ. ಬಂಗುಡೆ, ಬೂತಾಯಿ, ಅಂಜಲ್ ಎಲ್ಲವೂ ಮಂಗಳೂರಿನ ಧಕ್ಕೆಯಿಂದ, ಮಲ್ಪೆಯಿಂದ ಮಂಜುಗಡ್ಡೆಯಲ್ಲಿ ಬಂದವು. ಮೀನು ಹೊತ್ತ ಲಾರಿಗಳು ಹಾಸನ, ಬೆಂಗಳೂರಿಗೆ ಇದೇ ದಾರಿಯಾಗಿ ರಾತ್ರಿ ಓಡುತ್ತವೆ. ಹಾಸನದ ತರಕಾರಿ ಇದೇ ದಾರಿಯಾಗಿ ಕೆಳಗಿಳಿಯುತ್ತದೆ. ಹೊಳೆಮೀನು ಮನೆಗಳ ಅಡುಗೆಗೆ ಸೀಮಿತ. ಅದರಲ್ಲೂ ಈ ನದಿಗಳ ದೊಡ್ಡ ಮೀನು ಪೆರುವೊಳು ಕುಮಾರಧಾರೆಯ ಸ್ನಾನಘಟ್ಟದಲ್ಲಿ, ಶಿಶಿಲದ ಮತ್ಸ್ಯತೀರ್ಥದಲ್ಲಿ ದೇವರ ಮೀನು. ಅದಕ್ಕೆ ಭಕ್ತರು ಅಕ್ಕಿ ಹಾಕುತ್ತಾರೆ, ಹಿಡಿಯುವಂತಿಲ್ಲ. ಸುಬ್ರಹ್ಮಣ್ಯಕ್ಕೆ ಹೊರಟವರು ಮೀನು, ಮಾಂಸದ ಹೋಟೆಲಿನತ್ತ ಸುಳಿಯುವುದೂ ಇಲ್ಲ. ಅವರಿಗಾಗಿ ಶುದ್ಧ ಸಸ್ಯಾಹಾರಿ ಫಲಕಗಳು ಬೇರೆ. ಘಟ್ಟದ ಮೇಲಿನವರು ಕುಚ್ಚಲಕ್ಕಿ ಅನ್ನ ಕಂಡು ಮುಖ ಸಿಂಡರಿಸುವುದರಿಂದ ಬೆಳ್ತಿಗೆ ಅನ್ನದ ಪಾತ್ರೆಯನ್ನೂ ಪಕ್ಕದಲ್ಲಿಡುವುದು ಇಲ್ಲಿನ ಊಟದ ಹೋಟೆಲುಗಳಿಗೆ ರೂಢಿಯಾಗಿದೆ.

ರೈಲು ಬಂದರೂ ಪೇಟೆಗೆ ಪೆಟ್ಟು ಬೀಳಲಿಲ್ಲ. ಐವತ್ತೇಳು ಸುರಂಗಗಳ ಮಂಗಳೂರು–ಹಾಸನ ಮೀಟರ್ ಗೇಜ್ ಮಾರ್ಗ 1979ರಲ್ಲಿ ತೆರೆದುಕೊಂಡಿತು. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಬಂದದ್ದು ನೆಟ್ಟಣದಲ್ಲಿ, ಗುಂಡ್ಯದಿಂದ ದೂರದಲ್ಲಿ. 1996ರಲ್ಲಿ ಹಳಿ ಅಗಲಗೊಳಿಸಲೆಂದು ರೈಲು ನಿಂತಾಗ ಯಾರೂ ಎಣಿಸದ ಗಿರಾಕಿಗಳು ಹುಟ್ಟಿಕೊಂಡರು. ಬೆಂಗಳೂರಿನ ಯುವಕರು ದೋಣಿಗಲ್, ಎಡಕುಮೇರಿಗಳ ನಡುವಿನ ಖಾಲಿ ಹಳಿಗಳ ಮೇಲೆ ಚಾರಣ ಮಾಡಿ, ಹೊಳೆ ದಾಟಿ ಹೆದ್ದಾರಿಗಿಳಿದು, ಗುಂಡ್ಯದಲ್ಲಿ ಹಸಿದು ಕೂರುತ್ತಿದ್ದರು. 2006ರಲ್ಲಿ ಸರಕು ರೈಲು, 2007ರ ಕೊನೆಗೆ ಪ್ರಯಾಣಿಕರ ರೈಲು ಮತ್ತೆ ಓಡತೊಡಗಿದವು. ಹಳಿಯ ಮೇಲೆ ನಡೆಯುವುದು ಅಪಾಯವೂ ಅಪರಾಧವೂ ಆಗಿರುವುದರಿಂದ ಆ ಚಾರಣ ನಿಲ್ಲಬೇಕಾಯಿತು. ಆದರೆ ಕಾಡು, ಹೊಳೆಗಳನ್ನು ನೋಡುವುದಕ್ಕೇ ಬರುವ, ಅದಕ್ಕೆ ದುಡ್ಡು ಕೊಡಲು ಸಿದ್ಧರಿರುವ ಜನ ಇದ್ದಾರೆಂದು ಈ ಸೀಮೆಗೆ ಗೊತ್ತಾದದ್ದು ಅವರಿಂದ.

ನೀರಿಗೆ ಮುಖಮಾಡಿ ಊಟ ಬಡಿಸುವ ಪದ್ಧತಿ ಕರಾವಳಿಯಲ್ಲಿ ಮೊದಲು ಕಾಣಿಸಿದ್ದು ಕಡಲತೀರದಲ್ಲಿ. ಉಳ್ಳಾಲದ ಸಮ್ಮರ್ ಸ್ಯಾಂಡ್ಸ್, ಮಲ್ಪೆಯ ರೆಸಾರ್ಟುಗಳು ಸಮುದ್ರದ ನೋಟವನ್ನು ಊಟದ ಬೆಲೆಯೊಳಗೆ ಸೇರಿಸಿದವು. ಮೀನುಗಾರರ ಮನೆಗಳಲ್ಲಿ ದಿನವೂ ಕುದಿಯುವ ಪುಳಿಮುಂಚಿ ಅಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿಗೆ ಬಂತು. ಕಡಲಿನಿಂದ ಈ ಪದ್ಧತಿ ಹೊಳೆಗಳ ಮೂಲಕ ಒಳನಾಡಿಗೆ ಏರಿತು. 2000ದ ಬಳಿಕ ಸ್ವಂತ ಕಾರುಗಳಲ್ಲಿ ವಾರಾಂತ್ಯಕ್ಕೆ ಹೊರಡುವ ಬೆಂಗಳೂರಿನ ಕುಟುಂಬಗಳು ಹೆಚ್ಚಿದಂತೆ ಸಕಲೇಶಪುರ, ಬಿಸಿಲೆ, ಸುಬ್ರಹ್ಮಣ್ಯದ ಸುತ್ತ ಹೋಂಸ್ಟೇಗಳು ಎದ್ದವು. ತೊರೆಯ ಬದಿಯಲ್ಲಿ ಸೋಗೆಯ ಮಾಡು, ಕಲ್ಲಿನ ಬೆಂಚು, ಬಾಳೆಯೆಲೆಯಲ್ಲಿ ಕೋರಿರೊಟ್ಟಿ, ಪತ್ರೊಡೆ, ಪುನರ್ಪುಳಿ ಸರ್ಬತ್ತು. ಹಿಂದೆ ಗಾಡಿಯವನು ಬೇರೆ ದಾರಿಯಿಲ್ಲದೆ ಮಾಡುತ್ತಿದ್ದ ಹೊಳೆದಂಡೆಯ ಊಟ ಈಗ ಮುಂಗಡ ಕಾದಿರಿಸಬೇಕಾದ ಸುಖ. ಹೆದ್ದಾರಿಯ ಹೋಟೆಲುಗಳೂ ಇದನ್ನು ಕಂಡು ಕಲಿತವು. ಹಿಂಬದಿಗೆ ಕಿಟಕಿ ಇಟ್ಟು, ಜಗಲಿ ಎಳೆದು, ಕುಟುಂಬಗಳಿಗೆ ಪ್ರತ್ಯೇಕ ಕೋಣೆ ಮಾಡಿ, ಮುಖ್ಯವಾಗಿ ಶೌಚಾಲಯ ಶುಚಿ ಮಾಡಿದವು. ಹೆಂಗಸರು, ಮಕ್ಕಳು ಕಾರಿನಿಂದಿಳಿಯಬೇಕಾದರೆ ಹೊಳೆಯ ನೋಟಕ್ಕಿಂತ ಮೊದಲು ಬೇಕಾದದ್ದು ಅದು.

ಈ ವ್ಯಾಪಾರ ಎಷ್ಟು ರಸ್ತೆಯ ಕೈಯಲ್ಲಿದೆ ಎಂಬುದು ಘಾಟಿ ಮುಚ್ಚಿದಾಗಲೆಲ್ಲ ಕಂಡಿದೆ. ಕಾಂಕ್ರೀಟು ಹಾಕಲೆಂದು 2015ರ ಜನವರಿಯಿಂದ ಆಗಸ್ಟ್‌ವರೆಗೆ ಹೆಗ್ಗದ್ದೆಯಿಂದ ಕೆಂಪುಹೊಳೆಯ ತನಕದ ಸುಮಾರು 13 ಕಿ.ಮೀ. ಮುಚ್ಚಿತು. 2018ರ ಜನವರಿಯಿಂದ ಜುಲೈವರೆಗೆ ಕೆಂಪುಹೊಳೆಯಿಂದ ಅಡ್ಡಹೊಳೆಯ ತನಕದ ಸುಮಾರು 12 ಕಿ.ಮೀ. ಸರದಿ. ವಾಹನಗಳೆಲ್ಲ ಚಾರ್ಮಾಡಿ, ಸಂಪಾಜೆ ದಾರಿ ಹಿಡಿದು, ಶಿರಾಡಿ ದಾರಿಯ ಒಲೆಗಳು ಆರಿದವು. ಎರಡನೆಯ ಬಾರಿ ತೆರೆದು ಒಂದು ತಿಂಗಳಾಗುವಷ್ಟರಲ್ಲಿ, ಆಗಸ್ಟ್‌ನ ಮಹಾಮಳೆಗೆ ಗುಡ್ಡ ಕುಸಿದು ಮತ್ತೆ ಸಂಚಾರ ನಿಂತಿತು. 2024ರ ಜುಲೈಯಲ್ಲೂ ಸಕಲೇಶಪುರದ ದೊಡ್ಡತಪ್ಪಲಿನಲ್ಲಿ ಗುಡ್ಡ ಜರಿದು ಅದೇ ಪಾಡು. ಇಂಥ ಕಡೆ ದೊಡ್ಡ ಬಂಡವಾಳ ಹೂಡಿ ಐಷಾರಾಮಿ ಹೋಟೆಲು ಕಟ್ಟಲು ಯಾರೂ ಮುಗಿಬೀಳದಿರುವುದು ಸಹಜವೇ.

ಹೊಳೆಯೂ ಮೊದಲಿನಂತಿಲ್ಲ. ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ವರದಿಯಲ್ಲಿ ಹೇಳಿತು; ಅಣೆಕಟ್ಟು ಎದ್ದಿಲ್ಲ. ಮೇಲಿನ ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ 24.01 ಟಿ.ಎಂ.ಸಿ. ಯೋಜನೆಯ ಮೊದಲ ಹಂತ ಮಾತ್ರ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಪಡೆಯಿತು. ಬೇಸಿಗೆಯಲ್ಲಿ ಗುಂಡ್ಯ ಹೊಳೆ ಬಂಡೆಗಳ ನಡುವಿನ ಸಣ್ಣ ಹರಿವಾಗುತ್ತದೆ, ಆಟಿಯ ಮಳೆಗೆ ಕೆಂಪಾಗಿ ಉಕ್ಕುತ್ತದೆ. ನೀರಿನ ಬದಿಯಲ್ಲಿ ಹಾಯಾಗಿ ಕೂರಲು ಹದವಾದ ಕಾಲ ಮಳೆ ನಿಂತ ಮೇಲಿನ ನಾಲ್ಕೈದು ತಿಂಗಳು; ಚಂಪಾಷಷ್ಠಿಯ ಯಾತ್ರಿಕರು ಬರುವುದೂ ಆ ದಿನಗಳಲ್ಲೇ.

ಬಿ.ಸಿ. ರೋಡ್‌ನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಕಾಮಗಾರಿ ಈ ದಾರಿಯ ನಿಲುಗಡೆಗಳ ರೂಪವನ್ನೇ ತಿದ್ದಿದೆ. ಕಲ್ಲಡ್ಕದ ಮೇಲೆ ಮೇಲ್ಸೇತುವೆ ಹಾಯ್ದಿದೆ, ರಸ್ತೆಗೆ ತಾಗಿದ್ದ ಹಳೆಯ ಅಂಗಡಿಗಳು ಎಷ್ಟೋ ಕಡೆ ಅಗಲೀಕರಣಕ್ಕೆ ಹೋಗಿವೆ. ಘಾಟಿಯಲ್ಲಿ ಸುರಂಗ ಕೊರೆಯುವ ಪ್ರಸ್ತಾಪ ವರ್ಷಗಳಿಂದ ಕಡತದಲ್ಲಿದೆ. ಅದು ಕೈಗೂಡಿದರೆ ಬೆಂಗಳೂರಿನ ವಾಹನಗಳಿಗೆ ಏರಿನ ಬುಡದಲ್ಲಿ ನಿಲ್ಲುವ ಅಗತ್ಯವೇ ಬೀಳದು. ಸುಬ್ರಹ್ಮಣ್ಯದ ಕವಲು ಮಾತ್ರ ಗುಂಡ್ಯದಲ್ಲೇ ಇರುತ್ತದೆ. ಅಲ್ಲಿಳಿದು ಬಸ್ಸಿಗೆ ಕಾಯುವವರನ್ನು ನೆಚ್ಚಿಕೊಂಡ ಚಾದ ಅಂಗಡಿಗಳೂ ಅದರ ಜೊತೆಗೆ.